ರಾಣಿ ಬದಲಾವಣೆ, ನುಸಿ ಚಿಕಿತ್ಸೆ: ಯಾವುದು ಯಾವ ದಿನ?

ಈ ಸಂಚಿಕೆಗೆ ಆಯ್ದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗಂಟಿನವು. ಜೇನು ಕುಟುಂಬಕ್ಕೆ ಹೊಸ ರಾಣಿ ಕೊಡಬೇಕಾಗಿದೆ, ಅದೇ ಹೊತ್ತಿಗೆ ಜೇನುನೊಣಗಳ ಮೈಗೆ ಅಂಟಿ ಬದುಕುವ ವರ್ರೋವಾ ನುಸಿಯೂ ಏರಿದೆ. ಮೊದಲು ಯಾವುದನ್ನು ಮಾಡುವುದು? ಬೇರೆ ಹೇಳದಿದ್ದ ಕಡೆ ಉತ್ತರಗಳು ಹೊರದೇಶದಿಂದ ತಂದು ಸಾಕುವ ಮೆಲ್ಲಿಫೆರಾ ಜೇನಿಗೆ ಅನ್ವಯಿಸುತ್ತವೆ. ಯಾವ ಔಷಧಿಗೆ ಅನುಮತಿ ಇದೆ, ಎಷ್ಟು ಹಾಕಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಡಬ್ಬಿಯ ಮೇಲಿನ ಲೇಬಲ್ಲಿಗೂ ಇಲ್ಲಿನ ಅಂಕಿಗೂ ವ್ಯತ್ಯಾಸ ಕಂಡರೆ ಲೇಬಲ್ಲನ್ನೇ ನಂಬಿ.

ಪ್ರಶ್ನೆ: ಆಲ್ಕೋಹಾಲ್‌ನಲ್ಲಿ ತೊಳೆದು ನೋಡಿದಾಗ 300 ನೊಣಗಳಿಗೆ 9 ನುಸಿ ಸಿಕ್ಕವು. ಈಗಿರುವ ರಾಣಿಗೆ ವಯಸ್ಸಾಗಿದೆ, ಮೊಟ್ಟೆ ಚೆದುರಿ ಇಡುತ್ತಿದೆ. ಮಿಲನವಾದ ಹೊಸ ರಾಣಿಗೆ ಹೇಳಿಟ್ಟಿದ್ದೇನೆ. ಚಿಕಿತ್ಸೆ ಮುಗಿಸಿ ರಾಣಿ ಕೊಡಲೇ, ರಾಣಿ ಕೊಟ್ಟು ಚಿಕಿತ್ಸೆ ಮಾಡಲೇ?

ಉತ್ತರ: ಚಿಕಿತ್ಸೆ ಮೊದಲು. ಆದರೆ ಅವೆರಡನ್ನೂ ಬೇರೆ ಬೇರೆ ಕೆಲಸ ಎಂದುಕೊಳ್ಳದೆ ಒಂದೇ ಲೆಕ್ಕದಲ್ಲಿ ಹೊಂದಿಸಿದರೆ ನಿಮಗೆ ದೊಡ್ಡ ಲಾಭವಿದೆ.

300ಕ್ಕೆ 9 ಅಂದರೆ ಶೇ. 3. ಕುಟುಂಬದಲ್ಲಿ 20,000 ನೊಣಗಳಿದ್ದರೆ ನೊಣಗಳ ಮೈಮೇಲೆಯೇ ಸುಮಾರು 600 ನುಸಿ ಇವೆ ಎಂದಾಯಿತು. ಮರಿ ಚೆನ್ನಾಗಿರುವ ಕಾಲದಲ್ಲಿ ಒಟ್ಟು ನುಸಿಯ ಅರ್ಧಕ್ಕಿಂತ ಹೆಚ್ಚು ಪಾಲು ಮೇಣದಿಂದ ಮುಚ್ಚಿದ ಮರಿಕಣಗಳ (ಮರಿ ಬೆಳೆಯುವ ಪುಟ್ಟ ಗೂಡುಗಳ) ಒಳಗಿರುತ್ತದೆ. ಆಲ್ಕೋಹಾಲ್ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ, ನುಸಿಗೆ ಹಾಕುವ ಔಷಧಿಯಾದ ಆಕ್ಸಾಲಿಕ್ ಆಮ್ಲಕ್ಕೂ ಸಿಕ್ಕುವುದಿಲ್ಲ. ಆಕ್ಸಾಲಿಕ್ ಆಮ್ಲ ಮೇಣದ ಮುಚ್ಚಳ ದಾಟಿ ಒಳಗೆ ಹೋಗುವುದೇ ಇಲ್ಲ. ಮರಿ ತುಂಬಿದ ಪೆಟ್ಟಿಗೆಗೆ ಇವತ್ತು ಒಂದು ಸಲ ಹಾಕಿ ಕೈತೊಳೆದುಕೊಂಡರೆ, ಮುಂದಿನ 12 ದಿನ ಕಣ ಒಡೆದು ಬರುವ ನೊಣಗಳ ಜೊತೆಗೆ ಹೊಸ ನುಸಿ ಹೊರಗೆ ಬರುತ್ತಲೇ ಇರುತ್ತದೆ. ಮುಚ್ಚಿದ ಮರಿ ಒಂದೂ ಇಲ್ಲದ ದಿನ ಹಾಕಿದರೆ ಅದೇ ಔಷಧಿ ಶೇ. 90ಕ್ಕಿಂತ ಹೆಚ್ಚು ನುಸಿಯನ್ನು ಉದುರಿಸುತ್ತದೆ. ಹಾಗಾಗಿ ರಾಣಿ ಬದಲಿಸುವ ನೆಪದಲ್ಲಿ ಮರಿಯಿಲ್ಲದ ಒಂದು ದಿನವನ್ನು ನೀವೇ ಹುಟ್ಟಿಸಿಕೊಳ್ಳಬೇಕು.

ಹಳೆಯ ರಾಣಿಯನ್ನು ತೆಗೆದ ಮರುದಿನವೇ ಹೊಸ ರಾಣಿ ಕೊಟ್ಟರೆ ಅಂಥ ದಿನ ಬರುವುದಿಲ್ಲ. ಹಳೆಯ ರಾಣಿಯನ್ನು ತೆಗೆದ ದಿನದಿಂದ ಎಣಿಸಿ ನೋಡಿ. ಹೊಸ ರಾಣಿಯನ್ನು ಇಟ್ಟು ಕೊಡುವ ಪುಟ್ಟ ಪಂಜರದಿಂದ ಅವಳು ಹೊರಬರುವುದು 4–5ನೇ ದಿನ, ಮೊಟ್ಟೆ ಶುರುವಾಗುವುದು 6ರಿಂದ 8ನೇ ದಿನ. ಮೊಟ್ಟೆ ಇಟ್ಟ 8–9 ದಿನಕ್ಕೆ ಕಣ ಮುಚ್ಚುತ್ತದೆ, ಅಂದರೆ 15ನೇ ದಿನದ ಹೊತ್ತಿಗೆ ಹೊಸ ಮುಚ್ಚಿದ ಮರಿ ತಯಾರು. ಹಳೆಯ ರಾಣಿಯ ಕೊನೆಯ ಕೆಲಸಗಾರ ನೊಣ ಹೊರಬರುವುದೋ 21ನೇ ದಿನ, ಗಂಡುನೊಣ 24ನೇ ದಿನ. ಹಳೆಯ ಮರಿ ಖಾಲಿಯಾಗುವ ಮೊದಲೇ ಹೊಸ ಮರಿ ಮುಚ್ಚಿಕೊಂಡು, ನುಸಿ ಒಂದು ಮನೆಯಿಂದ ಇನ್ನೊಂದು ಮನೆಗೆ ನೆಮ್ಮದಿಯಾಗಿ ದಾಟಿಬಿಡುತ್ತದೆ.

ಇದಕ್ಕೆ ನಾವು ಸೂಚಿಸುವ ದಾರಿ ಹೀಗಿದೆ. ಹೊಸ ರಾಣಿ ಬರುವ ದಿನಕ್ಕಿಂತ 25 ದಿನ ಮೊದಲು ಹಳೆಯ ರಾಣಿಯನ್ನು ಕೊಲ್ಲದೆ ಪಂಜರಕ್ಕೆ ಹಾಕಿ, ಮರಿ ಎರಿಗಳ (ಮರಿಕಣಗಳಿರುವ ಮೇಣದ ತಟ್ಟೆಗಳ) ನಡುವೆ ಇಡಿ. ಕೆಲಸಗಾರ ನೊಣ ಒಳಗೆ ಹೋಗಿ ಬರಬಹುದಾದ, ರಾಣಿ ಹೊರಗೆ ಬರಲಾಗದ ರಾಣಿತಡೆ ಜಾಲರಿಯ ಪಂಜರವೇ ಒಳ್ಳೆಯದು. ಅವಳ ವಾಸನೆ ಪೆಟ್ಟಿಗೆಯಲ್ಲಿ ಉಳಿಯುವುದರಿಂದ ಕುಟುಂಬ ಕಂಗೆಡುವುದಿಲ್ಲ. ಆದರೂ ಪಂಜರದಿಂದ ದೂರದ ಎರಿಗಳಲ್ಲಿ ಕೆಲವು ಕುಟುಂಬಗಳು ತುರ್ತು ರಾಣಿಕಣ (ಹೊಸ ರಾಣಿ ಬೆಳೆಸುವ ಕಣ) ಕಟ್ಟುತ್ತವೆ. ಪಂಜರಕ್ಕೆ ಹಾಕಿದ ದಿನದಿಂದ ಎಣಿಸಿ 7ನೇ ದಿನ ಪ್ರತಿ ಎರಿಯ ಮೇಲಿನ ನೊಣಗಳನ್ನು ಕೊಡವಿ ಹುಡುಕಿ, ಸಿಕ್ಕ ರಾಣಿಕಣಗಳನ್ನೆಲ್ಲ ಒಡೆಯಿರಿ. ಎರಿಯ ಅಂಚಿನಲ್ಲಿ, ನೊಣಗಳ ಗುಂಪಿನ ಅಡಿಯಲ್ಲಿ ಅಡಗಿದ ಒಂದು ಕಣ ತಪ್ಪಿಹೋದರೂ ಸಾಕು, ಅದರಿಂದ ಹುಟ್ಟಿದ ಕನ್ಯಾರಾಣಿ ನೀವು ದುಡ್ಡು ಕೊಟ್ಟು ತಂದ ರಾಣಿಯನ್ನು ಮುಗಿಸುತ್ತಾಳೆ.

24ನೇ ದಿನ ಪೆಟ್ಟಿಗೆಯಲ್ಲಿ ಮುಚ್ಚಿದ ಮರಿ ಇರುವುದಿಲ್ಲ. ಆ ಸಂಜೆ ಆಕ್ಸಾಲಿಕ್ ಹಾಕಿ. 25ರಂದು ಹಳೆಯ ರಾಣಿಯನ್ನು ತೆಗೆಯಿರಿ, 26ರಂದು ಹೊಸ ರಾಣಿಯ ಪಂಜರ ಇಡಿ. ಆ ಹೊತ್ತಿಗೆ ರಾಣಿ ಮಾಡಿಕೊಳ್ಳಲು ಬೇಕಾದ ಎಳೆ ಮರಿಹುಳು ಒಂದೂ ಉಳಿದಿರುವುದಿಲ್ಲವಾದ್ದರಿಂದ ನೊಣಗಳು ಅವಳನ್ನು ಸ್ವೀಕರಿಸುವ ಸಾಧ್ಯತೆಯೂ ಹೆಚ್ಚು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೂರು ವಾರಕ್ಕಿಂತ ಹೆಚ್ಚು ಕಾಲ ಮೊಟ್ಟೆ ಇಲ್ಲವೆಂದರೆ ಮುಂದೆ ಅಷ್ಟು ಕಾಲ ಹೊಸ ನೊಣ ಹುಟ್ಟುವುದಿಲ್ಲ. ಇವತ್ತಿನ ಮೊಟ್ಟೆ ಮಕರಂದಕ್ಕೆ ಹೋಗುವ ನೊಣವಾಗಲು ಸುಮಾರು ಆರು ವಾರ ಬೇಕು. ಹೂವಿನ ಕಾಲ ಮುಗಿಯಲು ಆರು ವಾರಕ್ಕಿಂತ ಕಡಿಮೆ ಇದ್ದಾಗ ರಾಣಿಯನ್ನು ಪಂಜರಕ್ಕೆ ಹಾಕಿದರೆ ಜೇನಿನ ಇಳುವರಿಗೆ ಪೆಟ್ಟಿಲ್ಲ. ಹೂವಿನ ಕಾಲಕ್ಕೆ ಎರಡು ತಿಂಗಳು ಮೊದಲು ಹಾಕಿದರೆ ಪೆಟ್ಟು ಖಂಡಿತ. ನಾಲ್ಕು ಎರಿಗಿಂತ ಕಡಿಮೆ ನೊಣ ಇರುವ ಕುಟುಂಬಕ್ಕೆ ಈ ದಾರಿ ಬೇಡವೇ ಬೇಡ.

ಪ್ರಶ್ನೆ: ಆಕ್ಸಾಲಿಕ್ ಆಮ್ಲದ ಪಾಕ ಮಾಡುವ ಪ್ರಮಾಣ ತಿಳಿಸಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಒಂದು ಲೀಟರ್ ಸಕ್ಕರೆ ಪಾಕಕ್ಕೆ 35 ಗ್ರಾಂ ಆಕ್ಸಾಲಿಕ್ ಆಮ್ಲ ಡೈಹೈಡ್ರೇಟ್ (ನೀರಿನಂಶ ಕೂಡಿದ ಹರಳು). 600 ಮಿ.ಲೀ. ಬಿಸಿನೀರಿಗೆ ಮೊದಲು ಆಮ್ಲ ಹಾಕಿ ಕರಗಿಸಿ, ಆಮೇಲೆ 600 ಗ್ರಾಂ ಸಕ್ಕರೆ ಕರಗಿಸಿದರೆ ಹೆಚ್ಚುಕಡಿಮೆ ಒಂದು ಲೀಟರ್ ಆಗುತ್ತದೆ. ಗಾಜಿನ ಅಥವಾ ಪ್ಲಾಸ್ಟಿಕ್ ಪಾತ್ರೆ ಬಳಸಿ, ಲೋಹದ ಪಾತ್ರೆ ಬೇಡ. ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಒಂದು ಕಾರಣ ಡೈಹೈಡ್ರೇಟ್ ಎಂಬ ಪದವನ್ನು ಬಿಟ್ಟುಬಿಡುವುದು. ನೀರಿನಂಶವಿಲ್ಲದ ಆಮ್ಲವನ್ನು ಅಷ್ಟೇ ತೂಕ ಹಾಕಿದರೆ ಪಾಕ ಬಹಳ ಖಾರವಾಗಿ ನೊಣಗಳಿಗೇ ಕುತ್ತು. ಮಾರಾಟದ ಪೊಟ್ಟಣದ ಮೇಲೆ ಆ ಪದವನ್ನು ಕಣ್ಣಾರೆ ಓದಿ.

ಎರಿ ಮತ್ತು ಎರಿಯ ನಡುವಿನ, ನೊಣ ತುಂಬಿದ ಪ್ರತಿ ಸಂದಿಗೆ 5 ಮಿ.ಲೀ. ಸಿರಿಂಜಿನಿಂದ ಸಂದಿನ ಉದ್ದಕ್ಕೂ ನೊಣಗಳ ಬೆನ್ನ ಮೇಲೆ ಬೀಳುವಂತೆ ಬಿಡಿ. ಚೌಕಟ್ಟಿನ ಮೇಲ್ಪಟ್ಟಿಯ ಮೇಲೆ ಬಿದ್ದದ್ದು ವ್ಯರ್ಥ. ಏಳು ಸಂದು ನೊಣ ಇದ್ದರೆ 35 ಮಿ.ಲೀ. ಎಷ್ಟೇ ದೊಡ್ಡ ಕುಟುಂಬವಾದರೂ 50 ಮಿ.ಲೀ. ದಾಟಬೇಡಿ. ಪಾಕ ತಣ್ಣಗಿದ್ದರೆ ನೊಣಗಳಿಗೆ ಚಳಿ ಹತ್ತುತ್ತದೆ, ಉಗುರು ಬೆಚ್ಚಗಿರಲಿ. ಉಳಿದದ್ದನ್ನು ಮುಂದಿನ ತಿಂಗಳಿಗೆ ಎತ್ತಿಡಬೇಡಿ. ಆಮ್ಲ ಮತ್ತು ಸಕ್ಕರೆ ಕೂಡಿ ನಿಂತಷ್ಟೂ ನೊಣಗಳಿಗೆ ವಿಷಕಾರಿಯಾದ ವಸ್ತು ಅದರಲ್ಲಿ ಹುಟ್ಟುತ್ತದೆ, ಬಿಸಿಲಲ್ಲಿಟ್ಟರೆ ಇನ್ನೂ ಬೇಗ.

ಪಾಕ ಸುರಿಯುವ ವಿಧಾನ ಒಂದು ಸಲಕ್ಕೆ ಮಾತ್ರ. ವಾರ ಬಿಟ್ಟು ಮತ್ತೆ, ಮತ್ತೊಂದು ವಾರ ಬಿಟ್ಟು ಮತ್ತೆ ಎಂದು ಸುರಿದರೆ ನೊಣಗಳು ಆಮ್ಲ ನೆಕ್ಕಿ ಸೊರಗುತ್ತವೆ, ತೆರೆದ ಮರಿಹುಳುಗಳು ಸಾಯುತ್ತವೆ. ಕೈಗೆ ಆಮ್ಲ ತಡೆಯುವ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ ಕಡ್ಡಾಯ. ಪಾಕದ ಬದಲು ಆಮ್ಲವನ್ನು ಕಾಯಿಸಿ ಹಬೆ ಮಾಡುವ ಉಪಕರಣ ಬಳಸುವವರಿಗೆ ಆಮ್ಲದ ಹಬೆ ತಡೆಯುವ ಫಿಲ್ಟರ್ ಇರುವ ಮುಖವಾಡವೂ ಬೇಕು. ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ.

ಪ್ರಶ್ನೆ: ನುಸಿಗೆಂದು ಫಾರ್ಮಿಕ್ ಆಮ್ಲದ ಪಟ್ಟಿ ಇಟ್ಟ ಮೂರನೇ ದಿನ ಹೊಸ ರಾಣಿಯ ಪಂಜರ ಇಟ್ಟೆ. ಎರಡು ದಿನ ಬಿಟ್ಟು ನೋಡಿದರೆ ರಾಣಿ ಪಂಜರದಲ್ಲೇ ಸತ್ತಿತ್ತು. ರಾಣಿಯೇ ಸರಿ ಇರಲಿಲ್ಲವೇ?

ಉತ್ತರ: ರಾಣಿಯ ತಪ್ಪಲ್ಲ, ದಿನದ ತಪ್ಪು. ಫಾರ್ಮಿಕ್ ಪಟ್ಟಿಯ ಆವಿ ಮೊದಲ ಮೂರು ದಿನ ಅತಿ ಜೋರು. ಹಗಲಿನ ಬಿಸಿ 29 ಡಿಗ್ರಿ ದಾಟಿದರೆ ಅದು ಅಳತೆ ಮೀರುತ್ತದೆ. ಆಗ ನೊಣಗಳು ಮರಿ ಎರಿಯನ್ನು ಬಿಟ್ಟು ಬಾಗಿಲಿನ ಹೊರಗೆ ಗಡ್ಡದಂತೆ ಜೋತು ಬೀಳುತ್ತವೆ. ರಾಣಿ ಮಾತ್ರ ಪಂಜರದಲ್ಲಿ ಬಂದಿ. ಅವಳಿಗೆ ಉಣಿಸುವವರು, ಗಾಳಿ ಬೀಸುವವರು ಹತ್ತಿರ ಇರುವುದಿಲ್ಲ. ಜೊತೆಗೆ, ನೊಣಗಳು ಅವಳನ್ನು ಗುರುತು ಹಿಡಿಯಬೇಕಾದ್ದು ವಾಸನೆಯಿಂದ. ಪೆಟ್ಟಿಗೆಯ ತುಂಬ ಆಮ್ಲದ ಘಾಟು ಇದ್ದರೆ ಆ ಗುರುತೇ ಮುಚ್ಚಿಹೋಗುತ್ತದೆ. ಆವಿಯಾಗಿ ಕೆಲಸ ಮಾಡುವ ಇನ್ನೊಂದು ನುಸಿ ಔಷಧಿ ಥೈಮಾಲ್‌ಗೂ ಇದೇ ಮಾತು. ಮೊಟ್ಟೆ ಇಡುತ್ತಿರುವ ಹಳೆಯ ರಾಣಿಯೇ ಫಾರ್ಮಿಕ್ ಇಟ್ಟ ದಿನಗಳಲ್ಲಿ ಸಾಯುವುದುಂಟು, ಥೈಮಾಲ್ ಇಟ್ಟಾಗ ಮೊಟ್ಟೆ ನಿಲ್ಲಿಸುವುದುಂಟು.

ಫಾರ್ಮಿಕ್‌ಗೆ ಒಂದು ದೊಡ್ಡ ಗುಣವೂ ಇದೆ: ಅದು ಮುಚ್ಚಳ ದಾಟಿ ಕಣದೊಳಗಿನ ನುಸಿಯನ್ನೂ ಕೊಲ್ಲುತ್ತದೆ. 24 ದಿನ ಕಾಯಲು ಸಮಯವಿಲ್ಲದಿದ್ದರೆ ಅದನ್ನು ಬಳಸಿ, ಹಳೆಯ ರಾಣಿ ಇರುವಾಗಲೇ ಬಳಸಿ. ಹೇಗೂ ತೆಗೆಯಬೇಕಾದ ರಾಣಿ, ಹೋದರೂ ನಷ್ಟ ಕಡಿಮೆ. ಪಟ್ಟಿಯ 14 ಅಥವಾ 20 ದಿನದ ಅವಧಿ ಮುಗಿಸಿ, ಪಟ್ಟಿ ತೆಗೆದು, ನಾಲ್ಕೈದು ದಿನ ಗಾಳಿಯಾಡಲು ಬಿಟ್ಟು ಆಮೇಲೆ ಹೊಸ ರಾಣಿ ಕೊಡಿ.

ಕೊಡುವ ಮುನ್ನ ಪೆಟ್ಟಿಗೆಯಲ್ಲಿ ನಿಜಕ್ಕೂ ರಾಣಿ ಇಲ್ಲವೇ ಎಂದು ಖಚಿತ ಮಾಡಿಕೊಳ್ಳಿ. ಫಾರ್ಮಿಕ್ ಆದಮೇಲೆ ಮೊಟ್ಟೆ ಕಾಣುತ್ತಿಲ್ಲ ಎಂದರೆ ರಾಣಿ ಸತ್ತಿರಬಹುದು, ಮೊಟ್ಟೆ ನಿಲ್ಲಿಸಿ ಸುಮ್ಮನಿರಬಹುದು, ಅಥವಾ ಅವಳ ಜಾಗದಲ್ಲಿ ಕನ್ಯಾರಾಣಿ ಓಡಾಡುತ್ತಿರಬಹುದು. ಬೇರೆ ಪೆಟ್ಟಿಗೆಯಿಂದ ಮೊಟ್ಟೆ, ಎಳೆ ಮರಿಹುಳು ಇರುವ ಒಂದು ಎರಿ ತಂದು ನಡುವೆ ಇಡಿ. ಮೂರು ನಾಲ್ಕು ದಿನದಲ್ಲಿ ರಾಣಿಕಣ ಎಬ್ಬಿಸಿದರೆ ರಾಣಿ ಇಲ್ಲ ಎಂದರ್ಥ. ಆ ಕಣಗಳನ್ನು ಒಡೆದು ಹೊಸ ರಾಣಿ ಕೊಡಿ. ಎಬ್ಬಿಸದಿದ್ದರೆ ಯಾವುದೋ ರಾಣಿ ಒಳಗಿದ್ದಾಳೆ.

ಪಂಜರ ಇಟ್ಟ ಮೂರನೇ ದಿನ ಅದರ ಮೇಲಿನ ನೊಣಗಳ ನಡವಳಿಕೆಯೇ ಎಲ್ಲವನ್ನೂ ಹೇಳುತ್ತದೆ. ಒಪ್ಪಿದ ನೊಣಗಳು ಜಾಲರಿಯ ಮೇಲೆ ಹಗುರಾಗಿ ನಡೆದಾಡುತ್ತವೆ, ನಾಲಿಗೆ ಚಾಚಿ ರಾಣಿಗೆ ಉಣಿಸುತ್ತವೆ, ಬೆರಳಿನಿಂದ ಮೆಲ್ಲಗೆ ಸರಿಸಿದರೆ ಸರಿಯುತ್ತವೆ. ಒಪ್ಪದ ನೊಣಗಳು ಜಾಲರಿಯ ತಂತಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಹೊಟ್ಟೆ ಬಾಗಿಸಿ, ಉಂಡೆಯಂತೆ ಅಂಟಿಕೊಂಡಿರುತ್ತವೆ. ತಳ್ಳಿದರೂ ಬಿಡುವುದಿಲ್ಲ. ಹೀಗಿದ್ದಾಗ ಕ್ಯಾಂಡಿಯ (ಪಂಜರದ ದಾರಿಗೆ ತುಂಬಿದ ಸಕ್ಕರೆ ಉಂಡೆಯ) ಬಾಯಿ ತೆರೆಯಬೇಡಿ. ಎರಡು ದಿನ ಬಿಟ್ಟು ಮತ್ತೆ ನೋಡಿ, ಆಗಲೂ ಹಾಗೇ ಇದ್ದರೆ ಒಳಗೆ ಇನ್ನೊಬ್ಬ ರಾಣಿಯನ್ನೋ ರಾಣಿಕಣವನ್ನೋ ಹುಡುಕಿ.

ಪ್ರಶ್ನೆ: ನುಸಿಗೆಂದು ಅಮಿಟ್ರಾಜ್ ಪಟ್ಟಿ ಹಾಕಿ ಮೂರು ವಾರವಾಯಿತು. ಅಷ್ಟರಲ್ಲಿ ರಾಣಿ ಕಾಣೆಯಾಗಿದೆ. ಹೊಸ ರಾಣಿ ಕೊಡಲು ಪಟ್ಟಿ ತೆಗೆಯಬೇಕೇ?

ಉತ್ತರ: ತೆಗೆಯಬೇಡಿ. ಅಮಿಟ್ರಾಜ್ ಆವಿಯಾಗಿ ಹರಡುವುದಕ್ಕಿಂತ ನೊಣದಿಂದ ನೊಣಕ್ಕೆ ತಾಗಿ ಕೆಲಸ ಮಾಡುವ ಔಷಧಿ, ಪೆಟ್ಟಿಗೆಯಲ್ಲಿ ಘಾಟು ಏಳುವುದಿಲ್ಲ. ಪಂಜರವನ್ನು ಪಟ್ಟಿಯಿಂದ ಎರಡು ಎರಿಯಾದರೂ ದೂರ ಇಡಿ, ಪಟ್ಟಿ ಪಂಜರಕ್ಕೆ ತಾಗಬಾರದು ಅಷ್ಟೆ. ಒಟ್ಟು 6ರಿಂದ 8 ವಾರ ಮುಗಿಸಿಯೇ ತೆಗೆಯಿರಿ. ಅರ್ಧದಲ್ಲಿ ತೆಗೆದರೂ, ಮರೆತು ತಿಂಗಳುಗಟ್ಟಲೆ ಬಿಟ್ಟರೂ ಉಳಿಯುವುದು ಔಷಧಿಗೆ ಬಗ್ಗದ ನುಸಿಗಳೇ.

ಪ್ರಶ್ನೆ: ಕುಟುಂಬ ಪಾಲು ಮಾಡಿ, ರಾಣಿ ಇಲ್ಲದ ಪಾಲು ತಾನೇ ರಾಣಿ ಮಾಡಿಕೊಳ್ಳಲು ಬಿಟ್ಟಿದ್ದೇನೆ. ಆಕ್ಸಾಲಿಕ್ ಯಾವ ದಿನ ಹಾಕಲಿ?

ಉತ್ತರ: ನಿಮಗೆ ಸಿಕ್ಕಿರುವುದು ಎಲ್ಲಕ್ಕಿಂತ ಒಳ್ಳೆಯ ಅವಕಾಶ. ದಯವಿಟ್ಟು ಕಳೆದುಕೊಳ್ಳಬೇಡಿ. ಪಾಲು ಮಾಡಿದ ದಿನವನ್ನು ಸೊನ್ನೆ ಎಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿಡಿ. ಹೊಸ ರಾಣಿ ಹುಟ್ಟುವುದು ಸುಮಾರು 12ನೇ ದಿನ, ಮಿಲನ ಮುಗಿಸಿ ಮೊಟ್ಟೆ ಇಡುವುದು ಸಾಮಾನ್ಯವಾಗಿ 22ರಿಂದ 28ನೇ ದಿನದೊಳಗೆ. 24ನೇ ದಿನಕ್ಕೆ ಹಳೆಯ ಮರಿ ಪೂರ್ತಿ ಖಾಲಿ. 24ರಂದು ಪೆಟ್ಟಿಗೆ ತೆರೆದು ಮೊಟ್ಟೆ ಹುಡುಕಿ. ಬೆಳಗ್ಗೆ ಅಥವಾ ಸಂಜೆ ತೆರೆಯಿರಿ. ನಡುಹಗಲಿನಿಂದ ಇಳಿಹೊತ್ತಿನವರೆಗೆ ಕನ್ಯಾರಾಣಿ ಹಾರಾಟಕ್ಕೆ ಹೋಗಿ ಬರುವ ಸಮಯ, ಆಗ ಪೆಟ್ಟಿಗೆ ಕದಡಿದರೆ ಅವಳು ದಾರಿ ತಪ್ಪಬಹುದು.

ಮೊಟ್ಟೆ ಕಂಡ ಕೂಡಲೇ ಔಷಧಿ ಹಾಕಿ. ಕೊನೆಯ ಗಡುವು ಮೊದಲ ಮೊಟ್ಟೆ ಇಟ್ಟ ಏಳನೇ ದಿನ. ಕಣ ಮುಚ್ಚುವ ಹಿಂದಿನ ದಿನವೇ ನುಸಿ ಕಣಕ್ಕೆ ಇಳಿದು ಮರಿಹುಳುವಿನ ಅಡಿಯ ಆಹಾರದಲ್ಲಿ ಅಡಗಿಕೊಳ್ಳುತ್ತದೆ, ಆದ್ದರಿಂದ ಮುಚ್ಚುವವರೆಗೆ ಕಾದರೆ ತಡವಾಯಿತು. ಮೊದಲ ಮೊಟ್ಟೆಯ ದಿನ ಗೊತ್ತಿಲ್ಲದಿದ್ದರೆ ಎರಿಯನ್ನೇ ಓದಬಹುದು. ಇವತ್ತಿನ ಮೊಟ್ಟೆ ಕಣದ ತಳದಲ್ಲಿ ನೆಟ್ಟಗೆ ನಿಂತಿರುತ್ತದೆ, ಮೂರನೇ ದಿನದ್ದು ಮಲಗಿರುತ್ತದೆ. ಮರಿಹುಳು ಕಣದ ತಳವನ್ನು ಪೂರ್ತಿ ಸುತ್ತಿಕೊಂಡು ದಪ್ಪವಾಗಿ ಕಂಡರೆ ನಾಳೆ ಎನ್ನದೆ ಅಂದೇ ಹಾಕಿ.

ಬಲಿತ ರಾಣಿಕಣ ಕೊಟ್ಟು ಪಾಲು ಮಾಡುವವರಿಗೆ ಔಷಧಿ ಹಾಕಬಹುದಾದ ಈ ಕಾಲದ ಕಿಂಡಿ ತುಂಬ ಕಿರಿದು. ರಾಣಿ 3ನೇ ದಿನದ ಹೊತ್ತಿಗೆ ಹುಟ್ಟಿ, 13ರಿಂದ 17ನೇ ದಿನಕ್ಕೆ ಮೊಟ್ಟೆ ಶುರುಮಾಡುತ್ತಾಳೆ. ಏಳು ದಿನ ಕೂಡಿಸಿದರೆ 20ರಿಂದ 24. ಕೆಲಸಗಾರ ಮರಿ ಖಾಲಿಯಾಗುವುದು 21ಕ್ಕೆ. ನಡುವೆ ತಡೆಯಾಗಿ ಉಳಿಯುವುದು ಗಂಡುನೊಣದ ಮರಿ, ನುಸಿಗೆ ಬಹಳ ಇಷ್ಟವಾದ ಕಣವೂ ಅದೇ. 20ನೇ ದಿನ ಉಬ್ಬಿದ ಮುಚ್ಚಳದ ಗಂಡುಕಣಗಳನ್ನು ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಮೊದಲ ಮೊಟ್ಟೆ 14ನೇ ದಿನ ಅಥವಾ ಆಮೇಲೆ ಬಂದಿದ್ದರೆ 21ರಂದು ಔಷಧಿ ಹಾಕಿ. 13ರಂದೇ ಬಂದಿದ್ದರೆ 20ರಂದೇ ಹಾಕಬೇಕು, ಆಗ ಕೊನೆಯ ಬೆರಳೆಣಿಕೆಯ ಕೆಲಸಗಾರ ಕಣಗಳು ಮುಚ್ಚಿಯೇ ಇರುತ್ತವೆ, ಅಷ್ಟನ್ನು ಬಿಟ್ಟುಕೊಡಬೇಕು.

ಗಡುವು ತಪ್ಪಿತೆಂದು ಕೈಚೆಲ್ಲಬೇಕಾಗಿಲ್ಲ. ಬಹಳ ದಿನ ಮರಿಯಿಲ್ಲದೆ ನೊಣಗಳ ಮೇಲೆ ಕಾದಿದ್ದ ನುಸಿಗಳೆಲ್ಲ ಹೊಸ ರಾಣಿಯ ಮೊದಲ ಮರಿಗೇ ಮುಗಿಬೀಳುತ್ತವೆ. ಮುಚ್ಚಿದ ಆ ಒಂದೆರಡು ಎರಿಯನ್ನು ನೊಣ ಕೊಡವಿ ತೆಗೆದು ಎರಡು ದಿನ ಫ್ರೀಜರಿನಲ್ಲಿಟ್ಟು, ಅದೇ ದಿನ ಪೆಟ್ಟಿಗೆಗೆ ಆಕ್ಸಾಲಿಕ್ ಹಾಕಿ. ಹೊಸ ರಾಣಿಯ ಒಂದು ವಾರದ ದುಡಿಮೆ ಹೋಗುತ್ತದೆ, ನೋವಾಗುತ್ತದೆ. ನುಸಿ ಶೇ. 3 ಮೀರಿದ್ದರೆ ಆ ನಷ್ಟ ಸಹಿಸುವುದೇ ಸರಿ. ಅಂಥ ಕಣಗಳಿಂದ ಬರುವ ನೊಣಗಳಲ್ಲಿ ಹಲವು ಹೇಗೂ ಮುದುಡಿದ ರೆಕ್ಕೆಯವೇ.

ಪ್ರಶ್ನೆ: ರಾಣಿಯ ಪಂಜರದಲ್ಲಿ ಬರುವ ಜೊತೆಗಾರ ನೊಣಗಳು ನುಸಿ ತರುತ್ತವೆಯೇ?

ಉತ್ತರ: ತರಬಹುದು. ಆರೆಂಟು ನೊಣಗಳ ಮೇಲಿನ ಒಂದೆರಡು ನುಸಿ ದೊಡ್ಡ ಕುಟುಂಬಕ್ಕೆ ಲೆಕ್ಕವಲ್ಲ, ಈಗಷ್ಟೇ ಔಷಧಿ ಹಾಕಿ ಶುದ್ಧ ಮಾಡಿದ ಕುಟುಂಬಕ್ಕೆ ಏಕೆ ಬೇಕು? ಮುಚ್ಚಿದ ಕಿಟಕಿಯ ಹತ್ತಿರ, ಕೋಣೆಯೊಳಗೆ ಪಂಜರ ತೆರೆದು ಜೊತೆಗಾರರನ್ನು ಹೊರಗೆ ಬಿಡಿ. ರಾಣಿ ಹಾರಿದರೂ ಬೆಳಕಿರುವ ಗಾಜಿನ ಮೇಲೆಯೇ ಕೂರುತ್ತಾಳೆ. ಜೊತೆಗಾರರಿಲ್ಲದ ರಾಣಿಯನ್ನು ಕುಟುಂಬ ಒಪ್ಪುವುದೂ ಸುಲಭ.

ಪ್ರಶ್ನೆ: ನಮ್ಮ ನಾಡಿನ ತುಡುವೆ ಜೇನಿಗೂ ಇದೆಲ್ಲ ಬೇಕೇ?

ಉತ್ತರ: ಬೇಡ. ವರ್ರೋವಾ ಮೂಲತಃ ತುಡುವೆಯ ಜೊತೆಗೇ ಬೆಳೆದ ನುಸಿ. ತುಡುವೆಯಲ್ಲಿ ಅದು ಮುಖ್ಯವಾಗಿ ಗಂಡುನೊಣದ ಕಣಗಳಲ್ಲೇ ವಂಶ ಬೆಳೆಸುತ್ತದೆ, ನೊಣಗಳೂ ಒಂದರ ಮೈಯನ್ನೊಂದು ಕೆರೆದು ಅದನ್ನು ತೆಗೆಯುತ್ತವೆ. ಔಷಧಿಯ ಕಾಟ ಕೊಟ್ಟರೆ ತುಡುವೆ ಪೆಟ್ಟಿಗೆ ಬಿಟ್ಟೇ ಹೋಗಬಹುದು.

ಪ್ರಶ್ನೆ: ಎಲ್ಲ ಮುಗಿದ ಮೇಲೆ ನುಸಿ ಮತ್ತೆ ಎಣಿಸುವುದು ಯಾವಾಗ?

ಉತ್ತರ: ರಾಣಿ ಬಿಡುಗಡೆಯಾದ ಮೊದಲ ವಾರ ಪೆಟ್ಟಿಗೆ ತೆರೆಯಲೇಬೇಡಿ. ಆಗಷ್ಟೇ ಮೊಟ್ಟೆ ಇಡಲು ಕಲಿಯುತ್ತಿರುವ ರಾಣಿಯನ್ನು ಗಲಾಟೆಯಾದರೆ ನೊಣಗಳೇ ಮುತ್ತಿ ಕೊಲ್ಲುತ್ತವೆ. ವಾರ ಹತ್ತು ದಿನಕ್ಕೆ ಮೊಟ್ಟೆ ನೋಡಿ ಮುಚ್ಚಿ. ನುಸಿ ಎಣಿಕೆ ಔಷಧಿ ಹಾಕಿದ ಮೂರು ವಾರಕ್ಕೆ. ತೆರೆದ ಮರಿ ಇರುವ ಎರಿಯಿಂದ ಅರ್ಧ ಕಪ್, ಅಂದರೆ ಸುಮಾರು 300 ನೊಣ ತೆಗೆದುಕೊಳ್ಳಿ. ಮೊದಲು ರಾಣಿಯನ್ನು ಕಣ್ಣಾರೆ ಕಂಡು, ಅವಳಿರುವ ಎರಿಯನ್ನು ಪಕ್ಕಕ್ಕಿಟ್ಟ ಮೇಲೆಯೇ ನೊಣ ಕೊಡವಿ. ಆಲ್ಕೋಹಾಲ್‌ನಲ್ಲಿ ಒಂದು ನಿಮಿಷ ಕುಲುಕಿ, ತಳಕ್ಕಿಳಿದ ಕಂದು ಬಣ್ಣದ ನುಸಿ ಎಣಿಸಿ. ಒಂದೆರಡು ಸಿಕ್ಕರೆ ಚಿಕಿತ್ಸೆ ಕೆಲಸ ಮಾಡಿದೆ. ಆರು ದಾಟಿದರೆ ಎಲ್ಲೋ ಮುಚ್ಚಿದ ಮರಿ ಉಳಿದಿತ್ತು, ಇಲ್ಲವೇ ನುಸಿಯಿಂದ ಕುಸಿಯುತ್ತಿರುವ ಪಕ್ಕದ ಕುಟುಂಬವನ್ನು ನಿಮ್ಮ ನೊಣಗಳು ದೋಚಿ ಜೊತೆಗೆ ನುಸಿಯನ್ನೂ ಹೊತ್ತು ತಂದಿವೆ. ಹಾಗಾದಾಗ ಆಸುಪಾಸಿನ ಪೆಟ್ಟಿಗೆಗಳನ್ನೂ ಅದೇ ವಾರ ಎಣಿಸಿ, ಹೆಚ್ಚಿದ್ದವಕ್ಕೆಲ್ಲ ಒಟ್ಟಿಗೇ ಚಿಕಿತ್ಸೆ ಮಾಡಿ.